ಕರಾವಳಿಯ ಹಿತ್ತಲು, ಕಡಲ ದಂಡೆಯ ಜೀವಿಗಳನ್ನು ವಿಡಿಯೊ ಮಾಡಲು ದೊಡ್ಡ ಲೆನ್ಸ್ ಬೇಕೇ?

ಕುಮಟಾದ ಹತ್ತಿರದ ಹಳ್ಳಿಗೆ ಒಂದು ವರ್ಷದ ಮಟ್ಟಿಗೆ ಬಂದಿದ್ದೀರಿ. ಮನೆಯ ಹಿಂದೆ ಅಡಿಕೆ, ತೆಂಗು ಇವೆ, ಕಡಲು ನಡೆದುಹೋಗುವಷ್ಟು ದೂರದಲ್ಲಿದೆ. ಕೈಯಲ್ಲಿರುವುದು ಮೊಬೈಲ್ ಮತ್ತು ಸಾಧಾರಣ ಜೂಮ್ ಕ್ಯಾಮೆರಾ. ಹಕ್ಕಿ, ಏಡಿ, ಓತಿಗಳ ವಿಡಿಯೊ ಮಾಡಲು ದುಬಾರಿ ಲೆನ್ಸ್ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಈಗಲೇ ಕೊಳ್ಳಬೇಡಿ. ನಾನು ಇದೇ ಜಿಲ್ಲೆಯ ಕರಾವಳಿಯಲ್ಲಿ ಹುಟ್ಟಿ ಬೆಳೆದವಳು, ಈ ಹವ್ಯಾಸ ಹಿಡಿದು ಬಹಳ ವರ್ಷಗಳಾದವು. ಇಲ್ಲಿ ಎಲ್ಲವನ್ನೂ ನಿರ್ಧರಿಸುವುದು ಹೊತ್ತು: ಬಿಸಿಲಿನ ಹೊತ್ತು, ನೀರು ಏರಿಳಿಯುವ ಹೊತ್ತು, ಮಳೆಯ ಹೊತ್ತು. ಅದನ್ನು ಅರಿತವರಿಗೆ ಮೊಬೈಲ್‌ನಲ್ಲೇ ಎಷ್ಟೋ ದೃಶ್ಯಗಳು ಸಿಗುತ್ತವೆ.

ಬಿಸಿಲಿನಿಂದ ಶುರುಮಾಡುತ್ತೇನೆ. ಮಾರ್ಚ್‌ನಿಂದ ಮೇ ತನಕ ಬೆಳಿಗ್ಗೆ ಒಂಬತ್ತೂವರೆ ದಾಟುತ್ತಿದ್ದಂತೆ ಮರಳು ಕಾದು ಅದರ ಮೇಲಿನ ಗಾಳಿ ಕುದಿಯತೊಡಗುತ್ತದೆ. ದೂರದ ಹಕ್ಕಿ ನೀರಿನಲ್ಲಿ ಬಿದ್ದ ನೆರಳಿನಂತೆ ನಡುಗುತ್ತದೆ. ಲೆನ್ಸ್ ದೊಡ್ಡದಾದರೆ ಆ ನಡುಕವೂ ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಇದಕ್ಕೆ ಇರುವ ಪರಿಹಾರ ಬೇಗ ಹೋಗುವುದು ಮತ್ತು ಹತ್ತಿರದ್ದನ್ನು ಚಿತ್ರಿಸುವುದು. ನಮ್ಮದು ಪಶ್ಚಿಮ ಕರಾವಳಿ ಎಂಬುದನ್ನೂ ಮರೆಯಬೇಡಿ. ಬೆಳಿಗ್ಗೆ ಸೂರ್ಯ ಘಟ್ಟದ ಕಡೆಯಿಂದ ಏಳುತ್ತಾನೆ. ಕಡಲಿಗೆ ಮುಖಮಾಡಿ ನಿಂತರೆ ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಬಂದು ಹಕ್ಕಿಯ ಮೇಲೆ ಬೀಳುತ್ತದೆ, ಗರಿಯ ಬಣ್ಣ, ಕಣ್ಣಿನ ಹೊಳಪು ಎಲ್ಲ ಸಿಗುತ್ತದೆ. ಸಂಜೆ ಅದೇ ಜಾಗದಲ್ಲಿ ಬರೀ ಕಪ್ಪು ಆಕೃತಿಗಳು. ಪ್ರವಾಸಿಗರು ಸಂಜೆ ದಂಡೆಗೆ ಬರುತ್ತಾರೆ, ನೀವು ಬೆಳಿಗ್ಗೆ ಹೋಗಿ. ಸಂಜೆಯನ್ನು ಹಿತ್ತಲಿಗೆ ಇಟ್ಟುಕೊಳ್ಳಿ.

ಇನ್ನು ನೀರು. ಉಬ್ಬರಕ್ಕೆ ಇಲ್ಲಿನವರು ಭರತ ಎನ್ನುತ್ತಾರೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನವೂ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜೋರು, ಅಷ್ಟಮಿಯ ಹೊತ್ತಿಗೆ ಮಂದ. ಊರಿನ ಮೀನುಗಾರರನ್ನು ಕೇಳಿ, ತಿಥಿಯ ಲೆಕ್ಕದ ಮೇಲೆ ಹೊತ್ತು ಹೇಳಿಬಿಡುತ್ತಾರೆ. ಮೊಬೈಲ್‌ನಲ್ಲೂ ಪಟ್ಟಿ ಸಿಗುತ್ತದೆ, ಆದರೆ ಅವರನ್ನು ಕೇಳಿದರೆ ಹಕ್ಕಿ ಎಲ್ಲಿ ಕೂರುತ್ತದೆ ಎಂಬುದೂ ಸಿಗುತ್ತದೆ. ಇಳಿತದಲ್ಲಿ ದಂಡೆಯ ಹಕ್ಕಿಗಳು ಕೆಸರುಬಯಲಿನ ತುಂಬ ಚದುರಿ ಮೇಯುತ್ತವೆ, ಕ್ಯಾಮೆರಾಕ್ಕೆ ಚುಕ್ಕಿಗಳಂತೆ ಕಾಣುತ್ತವೆ. ನೀರು ಏರುತ್ತಾ ಬಂದಂತೆ ಉಳಿದ ಒಣ ಜಾಗಕ್ಕೆ ಒತ್ತೊತ್ತಾಗಿ ಸೇರುತ್ತವೆ. ಆದ್ದರಿಂದ ಭರತಕ್ಕೆ ಎರಡು ತಾಸು ಮೊದಲೇ ಹೋಗಿ ಅವು ಬಂದು ಕೂರುವ ಜಾಗದಿಂದ ಸಾಕಷ್ಟು ಆಚೆ, ತಗ್ಗಿನಲ್ಲಿ ಕುಳಿತುಕೊಳ್ಳಿ. ನೀರೇ ಅವುಗಳನ್ನು ನಿಮ್ಮ ಕಡೆಗೆ ತರುತ್ತದೆ. ಬೆಳಗಿನ ಬೆಳಕು ಮತ್ತು ಏರುವ ನೀರು ಕೂಡಿಬರುವ ದಿನಗಳು ಹದಿನೈದು ದಿನಕ್ಕೊಮ್ಮೆ ಮರಳಿ ಬರುತ್ತವೆ. ಅವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ನಿಮ್ಮ ಅದೃಷ್ಟಕ್ಕೆ ಅಘನಾಶಿನಿ ಅಳಿವೆ ಪಕ್ಕದಲ್ಲೇ ಇದೆ. ಅಣೆಕಟ್ಟು ಕಾಣದೆ ಕಡಲು ಸೇರುವ ನದಿ ಅದು. 2024ರಲ್ಲಿ ಅದರ ಅಳಿವೆಗೆ ರಾಮ್‌ಸಾರ್ ಮಾನ್ಯತೆಯೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮನ್ನಣೆಯೂ, ಸಿಕ್ಕಿತು. ಅಲ್ಲಿನ ಗಜನಿ ಗದ್ದೆಗಳು (ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆಗಳು), ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುವ ಹೆಂಗಸರು, ಅವರ ಪಕ್ಕದಲ್ಲೇ ಮೇಯುವ ಬೆಳ್ಳಕ್ಕಿಗಳು ಎಲ್ಲವನ್ನೂ ಒಂದೇ ಚೌಕಟ್ಟಿನಲ್ಲಿ ನೋಡಿ. ಮನುಷ್ಯರನ್ನು ಚಿತ್ರದಿಂದ ಹೊರಗಿಟ್ಟು ಬರೀ ಹಕ್ಕಿ ತೋರಿಸಿದರೆ ಆ ಜಾಗದ ಅರ್ಧ ಕಥೆ ಬಿಟ್ಟುಹೋಗುತ್ತದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಆದರೆ ಅವರನ್ನು ಕೇಳಿಯೇ ಚಿತ್ರಿಸಿ. ಆಗಸ್ಟ್ ಕೊನೆಯಿಂದ ವಲಸೆ ಹಕ್ಕಿಗಳು ಇಳಿಯತೊಡಗುತ್ತವೆ, ಏಪ್ರಿಲ್ ಹೊತ್ತಿಗೆ ಬಹುಪಾಲು ಮರಳುತ್ತವೆ. ಮಧ್ಯ ಏಷ್ಯಾದ ಎತ್ತರದ ಬಯಲುಗಳಲ್ಲಿ ಮರಿಮಾಡುವ ಪ್ಲೋವರ್ ಎಂಬ ಪುಟ್ಟ ದಂಡೆಯ ಹಕ್ಕಿಗಳು ಚಳಿಗಾಲ ಕಳೆಯಲು ನಮ್ಮ ಮರಳಿಗೆ ಬರುತ್ತವೆ. ಹಿಂದಿರುಗುವ ಮೊದಲು ಅವು ಮೈಯಲ್ಲಿ ಕೊಬ್ಬು ತುಂಬಿಕೊಳ್ಳಬೇಕು. ಗುಂಪು ಒಟ್ಟಿಗೆ ಹಾರುವ ದೃಶ್ಯಕ್ಕಾಗಿ ಓಡಿ ಎಬ್ಬಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪ್ರತಿ ಹಾರಾಟವೂ ಆ ಕೊಬ್ಬಿನಿಂದಲೇ ಕಳೆಯುತ್ತದೆ. ಕಾದು ಕುಳಿತರೆ ಬಿಳಿಹೊಟ್ಟೆಯ ಕಡಲ ಹದ್ದೋ ಗರುಡವೋ ಮೇಲಿಂದ ಹಾದುಹೋದಾಗ ಅವು ತಾವಾಗಿ ಏಳುತ್ತವೆ.

ಇಳಿತದ ಹೊತ್ತು ಏಡಿಗಳದು. ನೀರು ಸರಿದ ಹಸಿ ಮರಳಿನಲ್ಲಿ ಕಡಲೆಕಾಳಿಗಿಂತ ತುಸು ದೊಡ್ಡ ಏಡಿಗಳು ಬಿಲದಿಂದ ಹೊರಬಂದು, ಮರಳನ್ನು ಬಾಯಲ್ಲಿ ಸೋಸಿ, ತಿನ್ನುವಂಥದ್ದನ್ನು ಇಟ್ಟುಕೊಂಡು, ಮಿಕ್ಕ ಮರಳನ್ನು ಸಣ್ಣ ಗುಂಡು ಮಾಡಿ ಹಿಂದಕ್ಕೆ ತಳ್ಳುತ್ತವೆ. ಬಿಲದ ಸುತ್ತ ರಂಗೋಲಿಯೇ ಮೂಡುತ್ತದೆ. ಮುಂದಿನ ಭರತ ಬಂದು ಅದನ್ನು ಅಳಿಸುತ್ತದೆ. ಇದಕ್ಕೆ ಮೊಬೈಲ್ ಸಾಕು. ಪುಟ್ಟ ಸ್ಟ್ಯಾಂಡ್‌ನಲ್ಲಿ ಬಿಲದಿಂದ ಒಂದು ಗೇಣು ದೂರ, ನೆಲಮಟ್ಟದಲ್ಲಿ ನಿಲ್ಲಿಸಿ, ರೆಕಾರ್ಡಿಂಗ್ ಒತ್ತಿ, ನೀವು ದೂರ ಹೋಗಿ ಸುಮ್ಮನೆ ಕುಳಿತುಬಿಡಿ. ನೆಲದ ಅದುರು ನಿಂತ ಮೇಲೆ ಅವು ಹೊರಬರುತ್ತವೆ. ಅಳಿವೆಯ ಕೆಸರಿನಲ್ಲಿ ಇಕ್ಕಳದಂಥ ಒಂದೇ ದೊಡ್ಡ ಕೊಂಬು ಬೀಸಿ ಹೆಣ್ಣನ್ನು ಕರೆಯುವ ಗಂಡು ಏಡಿಗಳು, ಕೆಸರಿನ ಮೇಲೆ ಜಿಗಿಯುವ ಮೀನುಗಳು ಇವೆ. ಕಾಲು ಹೂತುಕೊಳ್ಳದೆ ಇವನ್ನು ನೋಡಬೇಕೆಂದರೆ ಹೊನ್ನಾವರದ ಶರಾವತಿ ಕಾಂಡ್ಲಾ (ಮ್ಯಾಂಗ್ರೋವ್) ನಡಿಗೆಗೆ ಹೋಗಿ. ಹಲಗೆಯ ದಾರಿಯಾದ್ದರಿಂದ ಯಾರಾದರೂ ನಡೆದರೆ ಕ್ಯಾಮೆರಾ ಅಲುಗುತ್ತದೆ. ಜನ ಇಲ್ಲದ ಬೆಳಗಿನ ಹೊತ್ತು ಆರಿಸಿಕೊಳ್ಳಿ.

ಆದರೂ ಒಂದೇ ಒಂದು ಜೀವಿಯನ್ನು ಆರಿಸಿ ಎಂದರೆ ನಾನು ಹೇಳುವುದು ಹಿತ್ತಲಿನ ಹಾರುವ ಓತಿಯನ್ನು. ಅಡಿಕೆ ತೋಟ ಇರುವವರಿಗೆ ಇದೊಂದು ವರ. ಮರದ ತೊಗಟೆಯದೇ ಬಣ್ಣ, ಹಾಗಾಗಿ ಮೊದಮೊದಲು ಕಣ್ಣಿಗೇ ಬೀಳುವುದಿಲ್ಲ. ಬಿಸಿಲು ಕಾಂಡಕ್ಕೆ ತಾಗುವ ಹೊತ್ತಿನಲ್ಲಿ ಒಂದು ಮರವನ್ನು ಬುಡದಿಂದ ತುದಿಯವರೆಗೆ ಕಣ್ಣಲ್ಲೇ ಸವರುತ್ತಾ ಹೋಗಿ. ಹಳದಿ ಬಣ್ಣ ಒಮ್ಮೆ ಮಿಂಚಿ ಮರೆಯಾದರೆ ಅದು ಗಂಡು ತನ್ನ ಗಂಟಲ ಚೀಲವನ್ನು ಬಿಚ್ಚಿ ತೋರಿಸಿದ್ದು. ಇರುವೆಗಳನ್ನು ನೆಕ್ಕುತ್ತಾ ಮೇಲಕ್ಕೆ ಏರುತ್ತದೆ, ಎತ್ತರ ತಲುಪಿದ ಮೇಲೆ ಪಕ್ಕೆಲುಬುಗಳಿಗೆ ಅಂಟಿದ ಚರ್ಮವನ್ನು ಹರಡಿ ಪಕ್ಕದ ಮರದ ಕೆಳಭಾಗಕ್ಕೆ ತೇಲಿ ಇಳಿಯುತ್ತದೆ, ಮತ್ತೆ ಏರುತ್ತದೆ. ಈ ಕ್ರಮ ಗೊತ್ತಾದರೆ ಕೆಲಸ ಅರ್ಧ ಮುಗಿಯಿತು. ಹಾರುವಾಗ ಬೆನ್ನಟ್ಟಲು ಹೋದರೆ ಏನೂ ಸಿಗುವುದಿಲ್ಲ, ಎಲ್ಲ ಒಂದೆರಡು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅದು ಇಳಿಯಬಹುದಾದ ಮರಕ್ಕೆ ಮೊದಲೇ ಫೋಕಸ್ ಮಾಡಿ, ಸೆಕೆಂಡಿಗೆ 120 ಚೌಕಟ್ಟಿನ (ಫ್ರೇಮ್) ನಿಧಾನಗತಿಯಲ್ಲಿ ಕಾಯಿರಿ. ಹೆಣ್ಣು ನೆಲಕ್ಕೆ ಇಳಿಯುವುದು ಮೊಟ್ಟೆಯಿಡಲು. ಆ ಹೊತ್ತಿನಲ್ಲಿ ಕಂಡರೆ ದೂರ ಸರಿದು ನಿಲ್ಲಿ, ಬೆಕ್ಕು ನಾಯಿಗಳನ್ನು ಒಳಗೆ ಕಟ್ಟಿ.

ಮಾವು, ಗೇರಿನ ಮರದಲ್ಲಿ ಚಗಳಿ ಇರುವೆಗಳಿದ್ದರೆ ಅವು ಎಲೆ ಹೊಲಿಯುವುದನ್ನು ನೋಡಿ. ಒಂದಷ್ಟು ಇರುವೆಗಳು ಎರಡು ಎಲೆಗಳನ್ನು ಎಳೆದು ಹಿಡಿಯುತ್ತವೆ, ಇನ್ನೊಂದಷ್ಟು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಹಿಡಿದು ಅವು ಸ್ರವಿಸುವ ರೇಷ್ಮೆಯಿಂದ ಅಂಚು ಸೇರಿಸುತ್ತವೆ. ಕರಿಬೇವಿನ ಗಿಡದಲ್ಲಿ ಹಕ್ಕಿಯ ಹಿಕ್ಕೆಯಂತಹ ಹುಳು ಕಂಡರೆ ಕಿತ್ತೆಸೆಯಬೇಡಿ. ಅದು ಕಾಮನ್ ಮಾರ್ಮನ್ ಚಿಟ್ಟೆಯ ಹುಳುವಾಗಿರಬಹುದು, ಬೆಳೆದಂತೆ ಹಸಿರಾಗುತ್ತದೆ. ಆ ಚಿಟ್ಟೆಯ ಹೆಣ್ಣುಗಳಲ್ಲಿ ಕೆಲವು ಈಶ್ವರ ಬಳ್ಳಿಯ ವಿಷ ಮೈಗೂಡಿಸಿಕೊಂಡ ಇನ್ನೊಂದು ಚಿಟ್ಟೆಯ ವೇಷ ಹಾಕುತ್ತವೆ, ಹಕ್ಕಿಗಳು ಮೋಸಹೋಗಿ ಬಿಟ್ಟುಬಿಡುತ್ತವೆ. ಹುಳುವನ್ನು ಡಬ್ಬಿಗೆ ಹಾಕದೆ ಗಿಡದಲ್ಲೇ ಬಿಡಿ. ಕಣಜವೋ ಪಿಕಳಾರವೋ ಬಂದು ಹೊತ್ತೊಯ್ದರೆ ಅದೂ ನಿಮ್ಮ ಚಿತ್ರದ ಭಾಗವೇ.

ಬೇಸಿಗೆಯಲ್ಲಿ ನೆರಳಿರುವ ಕಡೆ ಅಗಲ ಬಾಯಿಯ ಮಣ್ಣಿನ ತಟ್ಟೆ ಇಡಿ. ಎರಡು ಮೂರು ಬೆರಳಷ್ಟು ಆಳ ಸಾಕು, ದಿನವೂ ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆ. ಮಡಿವಾಳ, ಸೂರಕ್ಕಿ, ಹರಟೆಮಲ್ಲಗಳು ಬೇಗನೆ ಕಲಿತುಬಿಡುತ್ತವೆ. ಚಳಿಗಾಲದಲ್ಲಿ ತರಗೆಲೆ ಗುಡಿಸದೆ ಬಿಟ್ಟ ಮೂಲೆಗೆ ನವರಂಗ ಬಂದರೂ ಬಂದೀತು. ಬಯಲಿನಲ್ಲಿ ಗೂಡು ಮಾಡುವ ಟಿಟ್ಟಿಭದ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಉರಿಬಿಸಿಲಿನಲ್ಲಿ ಅದು ಮೊಟ್ಟೆಯ ಮೇಲೆ ಕೂರುವುದು ನೆರಳು ಕೊಡಲು. ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುವುದೂ ಉಂಟು. ನೀವು ಹತ್ತಿರ ಹೋಗಿ ಅದು ಎದ್ದರೆ ಸ್ವಲ್ಪ ಹೊತ್ತಿನಲ್ಲೇ ಮೊಟ್ಟೆಗಳು ಬೆಂದುಹೋಗಬಹುದು. ಯಾವ ಗೂಡಿನದ್ದೇ ಆದರೂ ಅಡ್ಡ ಬಂದ ಎಲೆ ಕತ್ತರಿಸಬೇಡಿ, ಮೊಬೈಲ್‌ನಿಂದ ಕೂಗು ನುಡಿಸಿ ಕರೆಯಬೇಡಿ.

ರಾತ್ರಿ ಬರುವ ಪುನುಗು, ಮುಂಗುಸಿಯ ಹಗಲು ಓಡಾಟ ಇವಕ್ಕೆ ಪ್ರಾಣಿ ಎದುರಿಗೆ ಬಂದಾಗ ತಾನಾಗಿ ಚಿತ್ರಿಸುವ ಟ್ರ್ಯಾಪ್ ಕ್ಯಾಮೆರಾ ಅನುಕೂಲ. ಅದು ಎಚ್ಚರಗೊಳ್ಳುವುದು ಪ್ರಾಣಿಯ ಮೈಶಾಖ ಮತ್ತು ಸುತ್ತಲಿನ ಶಾಖದ ವ್ಯತ್ಯಾಸದಿಂದ. ನಮ್ಮ ಏಪ್ರಿಲ್ ಮಧ್ಯಾಹ್ನಗಳಲ್ಲಿ ಆ ವ್ಯತ್ಯಾಸವೇ ತೆಳುವಾಗುತ್ತದೆ, ಪ್ರಾಣಿ ಎದುರಿಗೆ ಹಾದುಹೋದರೂ ಕ್ಯಾಮೆರಾ ಮಲಗಿರುತ್ತದೆ, ಬಿಸಿಲಿಗೆ ಕಾದ ಬಾಳೆ ಎಲೆ ಅಲುಗಿದರೆ ಮಾತ್ರ ಏಳುತ್ತದೆ. ನೆರಳಿನಲ್ಲಿ, ಮೊಣಕಾಲಿಗಿಂತ ಕೆಳಗೆ, ಉತ್ತರಕ್ಕೆ ಮುಖಮಾಡಿ ಕಟ್ಟಿ.

ಚಿತ್ರೀಕರಣದ ಬಗ್ಗೆ ಹೇಳುವುದು ಕಡಿಮೆ. ಜೂಮ್ ಒಳಗೆ ಹೊರಗೆ ಎಳೆಯದೆ ಒಂದೇ ಚೌಕಟ್ಟನ್ನು ಇಪ್ಪತ್ತು ಸೆಕೆಂಡಾದರೂ ಹಿಡಿಯಿರಿ. ಪ್ರಾಣಿ ಏನು ಮಾಡುತ್ತಿದೆ ಎಂಬುದು ಆರಂಭದಿಂದ ಕೊನೆವರೆಗೆ ಕಾಣಬೇಕು. ಅಕ್ಕಿಯನ್ನೋ ಹೊಟ್ಟನ್ನೋ ತುಂಬಿದ ಬಟ್ಟೆಯ ಚೀಲದ ಮೇಲೆ ಕ್ಯಾಮೆರಾ ಇಟ್ಟರೆ ಟ್ರೈಪಾಡ್ ಬೇಕಿಲ್ಲ. ದಂಡೆಯ ಗಾಳಿ ಧ್ವನಿಯನ್ನು ಕೆಡಿಸುತ್ತದೆ, ಮೈಕ್‌ಗೆ ತುಪ್ಪಳದ ಹೊದಿಕೆ ಹಾಕಿ. ಜಗುಲಿಯ ದೀಪಕ್ಕೆ ಬರುವ ಪತಂಗಗಳನ್ನು ಚಿತ್ರಿಸುವಾಗ ಸೆಕೆಂಡಿಗೆ 25 ಚೌಕಟ್ಟು ಇಟ್ಟುಕೊಂಡರೆ ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಮಿಣುಕು ಕಾಡುವುದು ಕಡಿಮೆ.

ನೀವು ಹಣ ಖರ್ಚು ಮಾಡಲೇಬೇಕೆಂದಿದ್ದರೆ ಗಾಳಿಯಾಡದ ಡಬ್ಬಿ ಮತ್ತು ತೇವ ಹೀರುವ ಸಿಲಿಕಾ ಜೆಲ್‌ಗೆ ಮಾಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿನ ತೇವದಲ್ಲಿ ಲೆನ್ಸ್‌ನೊಳಗೆ ಬೂಸು ಹಿಡಿಯುತ್ತದೆ. ದಂಡೆಯಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾದ ಮೈಯನ್ನು ಒರೆಸಿ, ಉಪ್ಪು ಉಳಿಯಬಾರದು. ಹವಾನಿಯಂತ್ರಿತ ಕೋಣೆಯಿಂದ ಹೊರತರುವಾಗ ಮುಚ್ಚಿದ ಚೀಲದಲ್ಲೇ ಅರ್ಧ ತಾಸು ಬಿಡಿ, ಇಲ್ಲದಿದ್ದರೆ ಗಾಜು ಬೆವರುತ್ತದೆ. ಮಳೆಗಾಲವೆಂದು ಕೈಕಟ್ಟಿ ಕೂರಬೇಡಿ. ಮೊದಲ ಮಳೆಯ ಹೊತ್ತಿನ ಮಿಂಚುಹುಳು, ಕಪ್ಪೆಗಳ ಕೂಗು ಜಗುಲಿಯಲ್ಲೇ ಸಿಗುತ್ತವೆ. ಯಾಂತ್ರಿಕ ದೋಣಿಗಳಿಗೆ ಜೂನ್, ಜುಲೈ ತಿಂಗಳು ನಿಷೇಧ ಇರುವುದರಿಂದ ಬಂದರಿನಲ್ಲಿ ಗರುಡಗಳ ಗದ್ದಲ ನೋಡಬೇಕಾದರೆ ಆಗಸ್ಟ್ ನಂತರ ತದಡಿಗೆ ಹೋಗಿ.

ಡ್ರೋನ್ ಕಡಲ ಹಕ್ಕಿಗಳನ್ನು ಹೆದರಿಸುತ್ತದೆ. ಕಾರವಾರದ ಕಡೆ ನೌಕಾನೆಲೆಯ ನಿರ್ಬಂಧಗಳೂ ಇವೆ. ಅದನ್ನು ಬಿಟ್ಟುಬಿಡಿ.

ಕೊನೆಯದಾಗಿ ಕಡಲಾಮೆ. ನವೆಂಬರ್ ಕೊನೆಯಿಂದ ಮಾರ್ಚ್ ತನಕ ನಮ್ಮ ದಂಡೆಗಳಿಗೆ, ಹೊನ್ನಾವರದ ಕಾಸರಕೋಡಿನಂಥ ಕಡೆಗಳಿಗೆ, ಆಲಿವ್ ರಿಡ್ಲೆ ಆಮೆಗಳು ರಾತ್ರಿ ಮೊಟ್ಟೆಯಿಡಲು ಬರುತ್ತವೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆಗಳು, ಒಡೆಯಲು ಒಂದೂವರೆಯಿಂದ ಎರಡು ತಿಂಗಳು. ಮರಳಿನ ಶಾಖವೇ ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುತ್ತದೆ, ಬಿಸಿ ಹೆಚ್ಚಾದಷ್ಟೂ ಹೆಣ್ಣು ಹೆಚ್ಚು. ಟಾರ್ಚ್, ಫ್ಲ್ಯಾಶ್, ಮೊಬೈಲ್ ಬೆಳಕು ಕಂಡರೆ ತಾಯಿ ಮೊಟ್ಟೆಯಿಡದೆ ಹಿಂದಿರುಗಬಹುದು, ಮರಿಗಳು ಕಡಲಿನ ಬದಲು ಬೆಳಕಿನ ಕಡೆಗೆ ತೆವಳುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚಿನ ರಕ್ಷಣೆ ಇರುವ ಮೊದಲ ಅನುಸೂಚಿಯ ಜೀವಿ ಅದು. ರಾತ್ರಿ ಎದುರಾದರೆ ಬೆಳಕು ಆರಿಸಿ ಕಣ್ಣಿನಿಂದಷ್ಟೇ ನೋಡಿ. ಬೆಳಿಗ್ಗೆ ಮರಳಿನಲ್ಲಿ ಟ್ರ್ಯಾಕ್ಟರ್ ಹೋದಂತಹ ಜಾಡು ಕಂಡರೆ ಅದರ ಮೇಲೆ ನಡೆಯದೆ ಅರಣ್ಯ ಇಲಾಖೆಗೆ ತಿಳಿಸಿ, ಜಾಗದ ಚಿತ್ರವನ್ನು ಎಲ್ಲಿಯೂ ಹಾಕಬೇಡಿ. ಇಲಾಖೆಯವರು ಗೂಡಿಗೆ ಬಲೆ ಕಟ್ಟಿ ಕಾಯುತ್ತಾರೆ. ಮರಿಗಳನ್ನು ಕಡಲಿಗೆ ಬಿಡುವ ದಿನ ಯಾವುದೆಂದು ಅವರನ್ನೇ ಕೇಳಿ, ಅನುಮತಿ ಪಡೆದು, ಮರಿಗಳ ದಾರಿಗೆ ಅಡ್ಡವಾಗದಂತೆ ಪಕ್ಕದಲ್ಲಿ ಕುಳಿತು ಹಗಲ ಬೆಳಕಿನಲ್ಲೇ ಚಿತ್ರಿಸಿ.