ಕಮಾನಿಗೆ ಕೂರದ ಕಲ್ಲು

ಪ್ರಶ್ನೆ: ನನ್ನ ಮಗಳ ಇತಿಹಾಸದ ಟಿಪ್ಪಣಿಯಲ್ಲಿ ಮೊದಲ ಮಹಾಯುದ್ಧದ ನಂತರದ ವ್ಯಂಗ್ಯಚಿತ್ರವೊಂದಿದೆ. ನಡುವಿನ ಕಲ್ಲಿಲ್ಲದ ಸೇತುವೆ. ಅದೇ ಕಲ್ಲಿಗೆ ಒರಗಿ ಚುಟ್ಟಾ ಸೇದುತ್ತಿರುವ, ಹೋತನ ಗಡ್ಡದ ಮನುಷ್ಯ. ಇದರ ಅರ್ಥವೇನು? ಇಂಥ ಚಿತ್ರಗಳನ್ನು ಇತಿಹಾಸದ ಸಾಕ್ಷಿಯೆಂದು ನಂಬಬಹುದೇ?
— ಓದುಗರೊಬ್ಬರು, ಶಿವಾರಪಟ್ಟಣ, ಮಾಲೂರು ತಾಲ್ಲೂಕು

ಉತ್ತರ: ಕಲ್ಲುಕುಟಿಗರ ಊರಿನವರಾದ ನಿಮಗೆ ಕಮಾನಿನ ನೆತ್ತಿಯ ಕಲ್ಲು ಕೂರದಿದ್ದರೆ ಉಳಿದವು ನಿಲ್ಲುವುದಿಲ್ಲವೆಂದು ಹೇಳಬೇಕಿಲ್ಲ. ಲಿಯೊನಾರ್ಡ್ ರೇವನ್-ಹಿಲ್ ಬರೆದ ಈ ಚಿತ್ರ ಬ್ರಿಟನ್ನಿನ 'ಪಂಚ್' ಪತ್ರಿಕೆಯಲ್ಲಿ 1919ರ ಡಿಸೆಂಬರ್ 10ರಂದು ಪ್ರಕಟವಾಯಿತು. ಸೇತುವೆಯೆಂದರೆ ಯುದ್ಧದ ನಂತರ ಶಾಂತಿ ಕಾಯಲೆಂದು ರೂಪಿಸಿದ ದೇಶಗಳ ಒಕ್ಕೂಟವಾದ ರಾಷ್ಟ್ರಸಂಘ, ಒರಗಿರುವವನು ಅಮೆರಿಕದ ಪ್ರತೀಕವಾದ ಅಂಕಲ್ ಸ್ಯಾಮ್. ಸೇತುವೆಯನ್ನು ರೂಪಿಸಿದವರು ಅಮೆರಿಕದ ಅಧ್ಯಕ್ಷರೆಂದು ಪಕ್ಕದ ಫಲಕವೇ ಹೇಳುತ್ತದೆ. ಮೂರು ವಾರ ಮೊದಲು, ನವೆಂಬರ್ 19ರಂದು, ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್, ಜರ್ಮನಿಯೊಡನೆ ಮಾಡಿಕೊಂಡ ಶಾಂತಿ ಒಪ್ಪಂದವಾದ, ರಾಷ್ಟ್ರಸಂಘವೂ ಅದರ ಭಾಗವೇ ಆಗಿದ್ದ ವರ್ಸೇಲ್ಸ್ ಒಪ್ಪಂದವನ್ನು ತಿರಸ್ಕರಿಸಿತ್ತು.

ಸಾಕ್ಷಿಯೇನೋ ಹೌದು, ಆದರೆ ಅಮೆರಿಕದ ಮನಸ್ಸಿಗಲ್ಲ, ಬ್ರಿಟನ್ನಿನ ಅಸಮಾಧಾನಕ್ಕೆ. ಚಿತ್ರದಲ್ಲಿ ಕಾಣುವುದು ಸೋಮಾರಿತನ. ಸೆನೆಟ್ಟಿನಲ್ಲಿ ನಡೆದದ್ದಾದರೋ ತಿಂಗಳುಗಟ್ಟಲೆಯ ವಾದ. ಸದಸ್ಯ ದೇಶಗಳ ಗಡಿಗಳನ್ನು ಕಾಯಬೇಕೆಂಬ, ರಾಷ್ಟ್ರಸಂಘದ ನಿಯಮಾವಳಿಯ 10ನೆಯ ವಿಧಿಯಿಂದಾಗಿ, ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಒಪ್ಪಿಗೆಯಿಲ್ಲದೆಯೇ ತಮ್ಮ ದೇಶ ಪರರ ಯುದ್ಧಕ್ಕೆ ಇಳಿಯಬೇಕಾದೀತೆಂಬ ಆತಂಕ ಅಲ್ಲಿ ಅನೇಕರಿಗಿತ್ತು. ಆ ಆತಂಕದ ಸುಳಿವು ಚಿತ್ರದಲ್ಲಿಲ್ಲ. ಇನ್ನೊಂದನ್ನೂ ಗಮನಿಸಿ: ಸೇತುವೆಯ ಕಲ್ಲುಗಳ ಮೇಲೆ ಬೆಲ್ಜಿಯಂ, ಫ್ರಾನ್ಸ್, ಇಂಗ್ಲೆಂಡ್, ಇಟಲಿಗಳ ಹೆಸರಿವೆ, ಜರ್ಮನಿಯೂ ರಷ್ಯವೂ ಹೊರಗುಳಿದದ್ದು ಚಿತ್ರಕಾರರಿಗೆ ಬಿರುಕಾಗಿ ಕಂಡೇ ಇಲ್ಲ. ಆದ್ದರಿಂದ ಚಿತ್ರದ ಕೆಳಗೆ ದಿನಾಂಕ, ಪತ್ರಿಕೆ, ದೇಶ ಈ ಮೂರನ್ನೂ ಬರೆದುಕೊಳ್ಳುವಂತೆ ಮಗಳಿಗೆ ದಯವಿಟ್ಟು ಹೇಳಿ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿರುವುದು ಅದೇ ವರ್ಷದ ಮೇ ತಿಂಗಳಲ್ಲಿ, ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ, ಲಂಡನ್ನಿನ 'ಡೈಲಿ ಹೆರಾಲ್ಡ್'ಗೆ ವಿಲ್ ಡೈಸನ್ ಬರೆದ ಚಿತ್ರ. ಸಂಧಾನ ಮುಗಿಸಿ ಹೊರಬರುತ್ತಿರುವ ನಾಲ್ವರು ನಾಯಕರಲ್ಲಿ ಫ್ರಾನ್ಸಿನ ಕ್ಲೆಮೆನ್ಸೊ, ಎಲ್ಲೋ ಮಗು ಅಳುವ ಸದ್ದು ಕೇಳಿದಂತಿದೆಯೆನ್ನುತ್ತಾರೆ. ಕಂಬದ ಮರೆಯಲ್ಲಿ ಬತ್ತಲೆ ಮಗುವೊಂದು ಅಳುತ್ತಿದೆ. ಅದರ ತಲೆಯ ಮೇಲೆ '1940ರ ತಂಡ' ಎಂಬ ಬರಹ. ಇದನ್ನು ಎರಡನೆಯ ಮಹಾಯುದ್ಧದ ಭವಿಷ್ಯವಾಣಿಯೆಂದು ಕೊಂಡಾಡುವವರಿದ್ದಾರೆ. ನನಗದು ಲೆಕ್ಕವಾಗಿ ಕಾಣುತ್ತದೆ. ಯುವಕರನ್ನು ಹುಟ್ಟಿದ ವರ್ಷದ ಆಧಾರದಲ್ಲಿ ತಂಡ ಮಾಡಿ ಸೈನ್ಯಕ್ಕೆ ಕರೆಯುತ್ತಿದ್ದ ಕಾಲವದು. ಆಗ ಹುಟ್ಟಿದ ಕೂಸಿಗೆ 1940ರ ಹೊತ್ತಿಗೆ ಇಪ್ಪತ್ತು ತುಂಬುತ್ತಿತ್ತು. ಯುದ್ಧಭೂಮಿಯಲ್ಲಿದ್ದುಕೊಂಡೇ ಸೈನಿಕರ ಚಿತ್ರ ಬರೆದು, ಎರಡು ಸಲ ಗಾಯಗೊಂಡಿದ್ದ ಡೈಸನ್ ಆ ವಯಸ್ಸಿನ ಹುಡುಗರನ್ನು ಹತ್ತಿರದಿಂದ ಕಂಡಿದ್ದರು.