ವಿಮಾನ ಹುಟ್ಟುವ ಮೊದಲೇ ಆಕಾಶದಿಂದ ಕಂಡ ವೆನಿಸ್

ಪ್ರಶ್ನೆ: ಮಗಳು ಇಟಲಿಗೆ ಹೋದವಳು ವೆನಿಸ್ ನಗರದ ಹಳೇ ಚಿತ್ರನಕ್ಷೆಯ ಪೋಸ್ಟರ್ ತಂದಿದ್ದಾಳೆ. ಮನೆ, ಚರ್ಚು, ಕಾಲುವೆ, ದೋಣಿ ಎಲ್ಲವೂ ಮೇಲಿಂದ ನೋಡಿದ ಹಾಗಿದೆ. ಕೆಳಗೆ ನೀರಿನಲ್ಲಿ ತ್ರಿಶೂಲ ಹಿಡಿದವನೊಬ್ಬ ಮೀನಿನಂಥ ಪ್ರಾಣಿಯ ಮೇಲೆ ಕೂತಿದ್ದಾನೆ. 1500ನೇ ಇಸವಿಯದಂತೆ. ಬಲೂನ್ ಕೂಡ ಇಲ್ಲದ ಕಾಲದಲ್ಲಿ ಇದನ್ನು ಹೇಗೆ ಬರೆದರು? ಸುಮ್ನೆ ಕಲ್ಪನೆಯಾ?
– ಓದುಗರೊಬ್ಬರು, ಕುಮಟಾ

ಉತ್ತರ: ಬರೀ ಕಲ್ಪನೆ ಅಲ್ಲ. ಹಾಗಂತ ಸ್ಕೇಲ್ ಇಟ್ಟು ಅಳೆಯಲು ಹೋಗಬೇಡಿ, ಕೆಲವು ಕಡೆ ಊರು ಎಳೆದ ಹಾಗಿದೆ, ಕೆಲವು ಕಡೆ ಒತ್ತಿದ ಹಾಗಿದೆ. ಇದನ್ನು ಬರೆದವರು ಯಾಕೊಪೊ ದೆ ಬಾರ್ಬರಿ ಎನ್ನುತ್ತಾರೆ. ನಕ್ಷೆಯಲ್ಲಿ ಎಲ್ಲೂ ಹೆಸರಿಲ್ಲ. ಆದರೆ ಮೇಲ್ಗಡೆ ಮೋಡದಲ್ಲಿ ಕೂತ ಮರ್ಕ್ಯುರಿ ದೇವರ ಕೈಯಲ್ಲಿ ಹಾವು ಸುತ್ತಿದ ಕೋಲಿದೆ ನೋಡಿ, ಅದೇ ಗುರುತನ್ನು ಈ ಕಲಾವಿದ ತನ್ನ ಬೇರೆ ಚಿತ್ರಗಳಿಗೆ ಸಹಿಯಂತೆ ಹಾಕುತ್ತಿದ್ದ.

ವೆನಿಸ್‌ನಲ್ಲಿ ಚರ್ಚಿನ ಗಂಟೆಗೋಪುರಗಳಿಗೆ ಬರ ಇಲ್ಲ. ಒಂದೊಂದು ಗೋಪುರ ಹತ್ತಿ, ಅಲ್ಲಿಂದ ಕಾಣುವ ಕೇರಿಯನ್ನು ಬರೆದುಕೊಂಡು, ಆಮೇಲೆ ಆ ಚೂರುಗಳನ್ನೆಲ್ಲ ದಕ್ಷಿಣದ ಸಮುದ್ರದ ಮೇಲೆ ಎಲ್ಲೋ ಎತ್ತರದಲ್ಲಿ ನಿಂತವನಿಗೆ ಕಾಣುವಂತೆ ಜೋಡಿಸಿರಬೇಕು ಅನ್ನುವುದು ತಿಳಿದವರ ಲೆಕ್ಕ. ಆ ಊರು ಹಾಗೆ ಯಾರ ಕಣ್ಣಿಗೂ ಕಂಡಿರಲಿಲ್ಲ. ನನಗೆ ಇದರಲ್ಲಿ ಅತಿ ಇಷ್ಟವಾಗುವುದು ಆ ಜೋಡಿಸುವ ಧೈರ್ಯ.

ಹಣ ಹಾಕಿದವನು ಆಂಟನ್ ಕೋಲ್ಬ್, ಜರ್ಮನಿಯ ನ್ಯೂರೆಂಬರ್ಗ್‌ನ ವ್ಯಾಪಾರಿ. ಮೂರು ವರ್ಷದ ಕೆಲಸ ಇದು, ನಾಲ್ಕು ವರ್ಷ ಬೇರೆ ಯಾರೂ ಇದನ್ನು ಅಚ್ಚು ಹಾಕಬಾರದು ಎಂದು 1500ರಲ್ಲಿ ವೆನಿಸ್ ಸರ್ಕಾರಕ್ಕೆ ಅರ್ಜಿ ಕೊಟ್ಟ. ಬೆಲೆ ಮೂರು ಡ್ಯುಕಾಟ್, ಚಿನ್ನದ ನಾಣ್ಯದಲ್ಲಿ. ಬೀದಿ ಹುಡುಕುವವರು ಇಷ್ಟು ಕೊಟ್ಟು ಕೊಳ್ಳುತ್ತಾರಾ? ಗೋಡೆಗೆ ಹಾಕಿ ನಮ್ಮೂರು ನೋಡಿ ಅಂತ ಮೆರೆಯುವವರಿಗೆ ಮಾಡಿದ್ದು. ವ್ಯಾಪಾರದ ದೇವರು ಮರ್ಕ್ಯುರಿ ಮೇಲೆ, ನಿಮ್ಮ ತ್ರಿಶೂಲದವನು, ಅಂದರೆ ಸಮುದ್ರದ ದೇವರು ನೆಪ್ಚೂನ್, ಕೆಳಗೆ. ಇಬ್ಬರೂ ವೆನಿಸ್ ಪರ! ತಮಾಷೆಯೆಂದರೆ ಅದಕ್ಕೆ ಎರಡು ವರ್ಷ ಹಿಂದೆ, 1498ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಾಗಿತ್ತು. ನಮ್ಮ ಕರಾವಳಿಯ ಕಾಳುಮೆಣಸನ್ನು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕೊಂಡು ಯುರೋಪಿಗೆ ಮಾರಿ ಬೆಳೆದ ಊರು ವೆನಿಸ್; ಈಗ ಅದನ್ನು ಬಿಟ್ಟು ನೇರ ಸಮುದ್ರದ ದಾರಿ ತೆರೆದಾಗಿತ್ತು.

ಪ್ರಶ್ನೆ: ಇದೇ ನಕ್ಷೆಯ 'ಅಸಲಿ ಪ್ರತಿ' ಎಂದು ಒಬ್ಬರು ಆನ್‌ಲೈನ್‌ನಲ್ಲಿ ಮಾರುತ್ತಿದ್ದಾರೆ. ಒಂದೇ ಹಾಳೆ, ನಮ್ಮ ಪೋಸ್ಟರಿಗಿಂತ ಸ್ವಲ್ಪ ದೊಡ್ಡದು. ನಂಬಬಹುದಾ?
– ಅದೇ ಓದುಗರು

ಉತ್ತರ: ಬೇಡ. ಅಸಲಿಯನ್ನು ಆರು ಮರದ ಅಚ್ಚುಗಳಿಂದ ಆರು ಹಾಳೆಗಳಲ್ಲಿ ಒತ್ತಿದ್ದು. ಜೋಡಿಸಿದರೆ ಸುಮಾರು 2.8 ಮೀಟರ್ ಅಗಲ, 1.3 ಮೀಟರಿಗಿಂತ ಜಾಸ್ತಿ ಎತ್ತರ. ಒಂದು ಭೂತಗನ್ನಡಿ ಹಿಡಿದು ನೋಡಿ, ಗೆರೆಗಳು ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಕಂಡರೆ ಅದು ಈಚಿನ ಮುದ್ರಣ.

ಸಂತ ಮಾರ್ಕನ ಚೌಕದ ದೊಡ್ಡ ಗೋಪುರವನ್ನೂ ನೋಡಿ. 1489ರಲ್ಲಿ ಸಿಡಿಲು ಬಡಿದು ಅದರ ತುದಿ ಹೋಗಿತ್ತು, ಹಾಗಾಗಿ ಮೊದಲ ಮುದ್ರಣದಲ್ಲಿ ತಲೆ ಚಪ್ಪಟೆ. ಗೋಪುರ ರಿಪೇರಿಯಾದ ಮೇಲೆ ಅಚ್ಚನ್ನೂ ತಿದ್ದಿ ಚೂಪಾದ ತುದಿ ಕೂರಿಸಿದರು. ಆಮೇಲೆ ಯಾರೋ ಅದನ್ನು ಮತ್ತೆ ಹಳೇ ರೂಪಕ್ಕೇ ತಿರುಗಿಸಿದರು! ಅದರಿಂದ ಚಪ್ಪಟೆ ತಲೆ ಇದೆ ಎಂದ ಮಾತ್ರಕ್ಕೆ ಮೊದಲ ಮುದ್ರಣ ಅಂತಲೂ ಅಲ್ಲ.

ಆ ಮರದ ಅಚ್ಚುಗಳು ಈಗಲೂ ವೆನಿಸ್‌ನ ಕೊರೇರ್ ಮ್ಯೂಸಿಯಂನಲ್ಲಿವೆ. ಮಗಳು ಮತ್ತೆ ಹೋಗುವುದಾದರೆ ನೋಡಿಕೊಂಡು ಬರಲಿ. ನಿಮ್ಮ ಪೋಸ್ಟರಿಗೆ ಒಳ್ಳೇ ಫ್ರೇಮ್ ಹಾಕಿಸಿ, ಬಿಸಿಲು ಬೀಳದ ಗೋಡೆಗೆ ತೂಗುಹಾಕಿ. ಅದರಲ್ಲಿ ರಿಯಾಲ್ಟೊ ಸೇತುವೆ ಹುಡುಕುವಾಗ ಈಗಿನ ಕಲ್ಲಿನದನ್ನು ಹುಡುಕಬೇಡಿ, ಅದು ಮುಗಿದದ್ದು 1591ರಲ್ಲಿ. ನಕ್ಷೆಯಲ್ಲಿರುವುದು ಮರದ್ದು.