ಈ ಕಾಲದಲ್ಲಿ ಕೋಲು, ಕತ್ತಿ, ಉರುಮಿ ಕಲಿತು ಯಾರ ಜತೆ ಕಾದಾಡಬೇಕು?

ಕೇರಳದ ಸಮರಕಲೆ ಕಲಿಸುವ ಕಳರಿಗೆ ಸೇರುವ ಆಸೆ ಇದೆ, ಆದರೆ ಯಾರೂ ಹಿಡಿಯದ ಕೋಲು-ಕತ್ತಿಗೆ ವರ್ಷಗಟ್ಟಲೆ ಕಳೆಯದೆ ನೇರ ಬರಿಗೈ ಹೋರಾಟವನ್ನೇ ಕಲಿಯಬಹುದಾ ಎಂದು ಮೈಸೂರಿನಿಂದ ಕೇಳಿದ್ದೀರಿ. ಇದನ್ನೇ ನಾನು ಕಣ್ಣೂರು ಕಡೆಯ ಗುರುಕ್ಕಳ್, ಅಂದರೆ ಕಳರಿಯ ಗುರು, ಒಬ್ಬರ ಎದುರು ನಿಂತು ಕೇಳಿದ್ದೆ. ಅವರು ಉತ್ತರ ಕೊಡಲಿಲ್ಲ. ಮೈಗೆ ಎಣ್ಣೆ ಹಚ್ಚಿಕೊಂಡು ಬಾ ಎಂದರು, ಅಷ್ಟೇ.

ನಾನು ಕಾಸರಗೋಡಿನವನು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲೆಯಾಳ, ರಾತ್ರಿಯಾದರೆ ಯಕ್ಷಗಾನದ ಆಟ. ಹವ್ಯಾಸಿ ತಂಡದಲ್ಲಿ ಮದ್ದಳೆ ಬಾರಿಸುತ್ತಿದ್ದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ ನನ್ನ ಎಡವಟ್ಟಿನ ಬೇರು ಅಲ್ಲೇ ಇದೆ.

ಕಳರಿಯಲ್ಲಿ ಮೊದಲು ಮೆಯ್‌ಪಯಟ್ಟು, ಬರೀ ಮೈ ಪಳಗಿಸುವುದು. ಆಮೇಲೆ ಕೋಲ್ತಾರಿ, ಮರದ ಆಯುಧಗಳು: ಹಣೆಯೆತ್ತರದ ಕೆಟ್ಟುಕಾರಿ, ಗಿಡ್ಡ ಚೆರುವಡಿ, ಆನೆಯ ದಂತದ ಹಾಗೆ ಬಾಗಿದ ಒಟ್ಟ. ಅದು ದಾಟಿದರೆ ಅಂಗತ್ತಾರಿ: ಕಠಾರಿ, ಕತ್ತಿ-ಗುರಾಣಿ, ಈಟಿ, ಬೆಲ್ಟಿನಂತೆ ಬಳುಕುವ ಕತ್ತಿ ಉರುಮಿ. ನಿಮಗೆ ಬೇಕಾದ ಬರಿಗೈ, ವೆರುಂಕೈ, ಕಟ್ಟಕಡೆಗೆ.

ಕೋಲಿನ ಅಭ್ಯಾಸದ ವೇಳೆ ಗುರುಕ್ಕಳ್ ವಾಯ್ತಾರಿ, ಅಂದರೆ ಬಾಯಿಮಾತಿನ ಆಜ್ಞೆ, ಹೇಳುತ್ತಾರೆ. ಎಲ್ಲಿ ಹೊಡೆಯಬೇಕು, ಎಲ್ಲಿ ತಡೆಯಬೇಕು, ಹೆಜ್ಜೆ ಯಾವಾಗ, ಎಲ್ಲ ಅದರಲ್ಲೇ ಇರುತ್ತದೆ. ಉಳಿದವರು ತಿಣುಕುತ್ತಿದ್ದಾಗ ನನಗದು ಮದ್ದಳೆಯ ಬಾಯಿತಾಳದಷ್ಟೇ ಸಲೀಸಾಗಿ ಬಾಯಿಪಾಠವಾಯಿತು. ನಾನು ಹಾಳಾದದ್ದು ಅಲ್ಲಿಂದಲೇ. ಭಾಗವತರ ಬಾಯಿಂದ ಮುಂದೆ ಏನು ಬರುತ್ತದೆಂದು ಮದ್ದಳೆಗಾರನಿಗೆ ಮೊದಲೇ ಹೊಳೆಯಬೇಕು, ಕೈ ಅದಕ್ಕೆ ಸಿದ್ಧವಾಗಿರಬೇಕು, ಇಲ್ಲದಿದ್ದರೆ ಮುಕ್ತಾಯ ತಪ್ಪಿಹೋಗುತ್ತದೆ. ಆ ಚಾಳಿಯನ್ನೇ ಕೆಟ್ಟುಕಾರಿಗೂ ಹಚ್ಚಿದೆ. ತಲೆಗೆ ಬರುವ ಪೆಟ್ಟಿಗೆ ಕೋಲು ಎತ್ತುತ್ತಿದ್ದೆ, ಆದರೆ ಪೆಟ್ಟು ಬಂತೆಂದು ಅಲ್ಲ, ಆ ಮಾತು ಬಂತೆಂದು. ನಾನು ತಡೆಯುತ್ತಿದ್ದದ್ದು ವಾಯ್ತಾರಿಯನ್ನು, ಕೋಲನ್ನಲ್ಲ. ನೋಡುವವರಿಗೆ ಮಾತ್ರ ಭಾರೀ ಚಂದ.

ಒಂದು ದಿನ ಎದುರಿಗಿದ್ದದ್ದು ಹೈಸ್ಕೂಲು ಹುಡುಗಿ. ಕೆಂಪು ಮಣ್ಣಿನಲ್ಲಿ ಅವಳ ಕಾಲು ಕೊಂಚ ಜಾರಿತು, ಪೆಟ್ಟು ತುಸು ತಡವಾಯಿತು. ನಾನು ಆಗಲೇ ತಲೆ ಕಾಯ್ದುಕೊಂಡು ಮುಂದಿನ ತಡೆಗೆ ಕೋಲು ಇಳಿಸುತ್ತಿದ್ದೆ. ಅವಳ ಕೋಲು ನೇರ ನನ್ನ ಬಲಗೈ ಬೆರಳುಗಳ ಮೇಲೆ ಇಳಿಯಿತು. ಅವಳ ಮುಖ ನೋಡಿದ್ದರೆ, ಭುಜ ನೋಡಿದ್ದರೆ, ಕಾಲು ಜಾರಿದ್ದು ಕಾಣುತ್ತಿತ್ತು. ಉಂಗುರದ ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಮದ್ದಳೆಯಲ್ಲಿ ಬೇಕಾದ ನಾದ ಹೊರಡದು. ಈಗ ಮೇಳದಲ್ಲಿ ಚಕ್ರತಾಳ ಹಿಡಿದು ಕೂರುತ್ತೇನೆ.

ಬರಿಗೈ ಅಭ್ಯಾಸದಲ್ಲಿ ಇದು ನನಗೆ ಗೊತ್ತೇ ಆಗುತ್ತಿರಲಿಲ್ಲ ಮಾರಾಯ್ರೇ. ಗುದ್ದು ತಡವಾಗಿ ಬಂದು ತಾಗಿದರೆ ಇಬ್ಬರೂ ನಕ್ಕು ಮುಂದುವರಿಯುತ್ತೇವೆ. ಕೋಲಿನ ಎದುರು ಆ ರಿಯಾಯಿತಿ ಇಲ್ಲ. ಗೇಣು ಹತ್ತಿರ ನಿಂತರೂ ತಪ್ಪು, ಗೇಣು ದೂರ ನಿಂತರೂ ತಪ್ಪು. ಇವತ್ತಿಗೂ ಆಯುಧ ಹಿಡಿಸುವುದು ಇದಕ್ಕೆ. ಇನ್ನೊಂದು: ವೆರುಂಕೈ ಎಂದರೆ ಹೆಚ್ಚಿನಂಶ ಆಯುಧ ಹಿಡಿದವನನ್ನು ಬರಿಗೈಯಲ್ಲಿ ಎದುರಿಸುವುದು. ಕಠಾರಿ ಹಿಡಿದ ಮಣಿಕಟ್ಟು ಹೇಗೆ ತಿರುಗುತ್ತದೆಂದು ಸ್ವತಃ ಹಿಡಿದು ನೋಡದವರು ಅದನ್ನು ತಡೆಯುವುದು ಎಲ್ಲಿಂದ ಬಂತು? ಒಟ್ಟ ಹಿಡಿದು ಮರ್ಮಕ್ಕೆ ಗುರಿಯಿಡಲು ಕಲಿತದ್ದೇ ಕೊನೆಗೆ ಬೆರಳಿಗೆ, ಮೊಣಕೈಗೆ ಇಳಿಯುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ.

"ಯಾರೂ ಹಿಡಿಯದ ಕಾಲ" ಎಂಬುದೂ ಹೊಸ ಸುದ್ದಿಯಲ್ಲ. ಬ್ರಿಟಿಷರ ವಿರುದ್ಧ ದಂಗೆಯೆದ್ದ ಮಲಬಾರಿನ ಪಳಶಿ ರಾಜ ಸತ್ತದ್ದು 1805ರಲ್ಲಿ. ಆ ದಂಗೆಯ ಹೊತ್ತಿಗೆ ಬ್ರಿಟಿಷರು ಮಲಬಾರಿನಲ್ಲಿ ಆಯುಧ ಇಟ್ಟುಕೊಳ್ಳುವುದನ್ನೇ ನಿಷೇಧಿಸಿದರು. 1920ರ ದಶಕದಲ್ಲಿ ತಲಶ್ಶೇರಿಯಲ್ಲಿ ಕೋಟ್ಟಕ್ಕಲ್ ಕಣಾರನ್ ಗುರುಕ್ಕಳ್, ಸಿ.ವಿ. ನಾರಾಯಣನ್ ನಾಯರ್ ಕಳರಿಯನ್ನು ಮತ್ತೆ ಎತ್ತಿ ನಿಲ್ಲಿಸಿದಾಗ ಪೊಲೀಸರ ಕೈಯಲ್ಲಿ ಬಂದೂಕು ಇತ್ತು. ಕತ್ತಿಯಿಂದ ಯುದ್ಧ ಗೆಲ್ಲುತ್ತೇವೆ ಎಂದು ಅವರೇನು ಕನಸು ಕಂಡಿರಲಿಕ್ಕಿಲ್ಲ. ನಿಮ್ಮೂರಿನ ಅರಮನೆಯಲ್ಲೇ ವಿಜಯದಶಮಿಯಂದು ಜಟ್ಟಿಗಳು ವಜ್ರಮುಷ್ಟಿ ಕಾಳಗಕ್ಕೆ ಇಳಿಯುತ್ತಾರೆ, ರಕ್ತ ಕಂಡೊಡನೆ ಮುಗಿಯುತ್ತದೆ. ಅದರ ಉಪಯೋಗ ಏನೆಂದು ಅವರನ್ನು ಕೇಳುತ್ತೀರಾ?

ಸಂಪ್ರದಾಯ ಉಳಿಸಲಿಕ್ಕೆ ಎಂಬ ಉತ್ತರವೂ ನನಗೆ ಹಿಡಿಸದು. ಸಂಪ್ರದಾಯ ಉಳಿಸಲಿಕ್ಕೆಂದು ಬೆಳಗಿನ ಜಾವ ಎದ್ದು ಬರುವವರು ಯಾರೂ ಇಲ್ಲ. ವಡಗರದ ಕಳರಿ ಗುರು ಮೀನಾಕ್ಷಿ ಅಮ್ಮನಿಗೆ 2017ರಲ್ಲಿ ಪದ್ಮಶ್ರೀ ಬಂತು. ಎಪ್ಪತ್ತು ದಾಟಿದ ಮೇಲೂ ಅವರು ಸೀರೆ ಕಟ್ಟಿಕೊಂಡು ಕತ್ತಿ-ಗುರಾಣಿ ಹಿಡಿದು ನಿಲ್ಲುವುದನ್ನು ನೋಡಿ. ಆ ಕಣ್ಣಿನಲ್ಲಿ ಸಂಪ್ರದಾಯ ಕಾಣುವುದಿಲ್ಲ, ಎದುರಾಳಿ ಕಾಣುತ್ತಾನೆ.

ಬೀದಿಯಲ್ಲಿ ನಾಲ್ಕು ಏಟು ತಪ್ಪಿಸಿಕೊಳ್ಳುವುದಷ್ಟೇ ನಿಮಗೆ ಬೇಕಿದ್ದರೆ ಬಾಕ್ಸಿಂಗಿಗೋ ಜೂಡೋಗೋ ಹೋಗಿ, ಅದರಲ್ಲಿ ನಾಚಿಕೆಯೇನಿಲ್ಲ. ಕಳರಿಗೆ ಬಂದು ಕೋಲಿನಿಂದ ವಿನಾಯಿತಿ ಕೇಳಬೇಡಿ. ಆನ್‌ಲೈನಿನಲ್ಲಿ ಉರುಮಿ ತರಿಸಲೂ ಬೇಡಿ, ಅದು ಮೊದಲು ಕೊಯ್ಯುವುದು ಬೀಸಿದವನನ್ನೇ. ಸೇರುವ ಮುಂಚೆ ಒಂದು ಬೆಳಿಗ್ಗೆ ಹೋಗಿ ಸುಮ್ಮನೆ ಕೂತು, ಕೋಲು ಹಿಡಿದವರ ದೃಷ್ಟಿ ಎಲ್ಲಿದೆ ನೋಡಿ. ಎದುರಿನವರ ಮುಖದ ಮೇಲಿದ್ದರೆ ಫೀಸು ಕಟ್ಟಿ. ಗೋಡೆಯ ಕನ್ನಡಿಯ ಮೇಲೋ ರೀಲ್ಸ್ ಮಾಡುವವನ ಫೋನಿನ ಮೇಲೋ ಇದ್ದರೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡಿ.